‘ನಾನು ಸಾಲಲ್ಲ’ ಅನ್ನುವ ಮಾತು ತಟ್ಟೆಯವರೆಗೆ ಬಂದಾಗ: ಈಟಿಂಗ್ ಡಿಸಾರ್ಡರ್ ಇರುವವರಿಗೆ, ಮನೆಯವರಿಗೆ ಒಂದು ಮಾರ್ಗದರ್ಶಿ

ಊಟ ಬಿಟ್ಟವರ ಹತ್ತಿರ ಊಟದ ಬಗ್ಗೆ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ. "ಒಂದು ರೊಟ್ಟಿ ತಿಂದರೆ ಏನಾಗುತ್ತದೆ?" ಅಂತ ಅಮ್ಮ ಕೇಳುತ್ತಾರೆ. "ಹಸಿವಿಲ್ಲ" ಅಂತ ಮಗಳು ಹೇಳುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು, ಬಾಗಿಲು ಹಾಕಿತು. ರೊಟ್ಟಿಯ ಹಿಂದೆ ಬೇರೆ ಯಾವುದೋ ಮಾತು ಕೂತಿರುತ್ತದೆ. ನಾನು ಸಾಲಲ್ಲ. ನನ್ನನ್ನು ಯಾರೂ ನಿಜವಾಗಿ ಇಷ್ಟಪಡಲ್ಲ. ನನ್ನಲ್ಲೇ ಏನೋ ಸರಿ ಇಲ್ಲ. ಎಷ್ಟೋ ಜನರಲ್ಲಿ ಡಯಟ್ ಶುರುವಾಗುವ ಮೊದಲೇ, ಕೆಲವರಲ್ಲಿ ಪ್ರೈಮರಿ ಸ್ಕೂಲಿನಲ್ಲೇ, ಈ ಮಾತು ಬಂದು ಸೇರಿಕೊಂಡಿರುತ್ತದೆ.

ಆ ಮಾತನ್ನು ಹುಡುಕುವುದು ಹೇಗೆ, ಹುಡುಕಿದ ಮೇಲೆ ಏನು ಮಾಡುವುದು, ಯಾವುದು ಮೊದಲು ಯಾವುದು ಆಮೇಲೆ ಅಂತ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಡಾಕ್ಟರ ಹತ್ತಿರ ಹೋಗದೆ ಮನೆಯಲ್ಲೇ ಸರಿಮಾಡಿಕೊಳ್ಳುತ್ತೇನೆ ಅಂತ ಹೊರಡಬೇಡಿ. ಈಟಿಂಗ್ ಡಿಸಾರ್ಡರ್ ಅಂದರೆ ತಿನ್ನುವುದರ ಸುತ್ತ ಬೆಳೆಯುವ ಮಾನಸಿಕ ಕಾಯಿಲೆ. ಮಾನಸಿಕ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಜಾಸ್ತಿ ಅಪಾಯ ತರುವವುಗಳಲ್ಲಿ ಅನೊರೆಕ್ಸಿಯಾ, ಅಂದರೆ ತಿನ್ನುವುದನ್ನೇ ಬಿಡುತ್ತಾ ಹೋಗುವ ಕಾಯಿಲೆ, ಒಂದು.

ಇದು ನಮ್ಮ ಕಡೆ ಹೇಗೆ ಕಾಣುತ್ತದೆ

ಕೊಡಗಿನಲ್ಲಿ ಪ್ರೀತಿ ಅಂದರೆ ಬಡಿಸುವುದು. ಮದುವೆ ಮನೆಯಲ್ಲಿ ಪಂದಿ ಕರಿ, ಕಡಂಬುಟ್ಟು ಹಿಡಿದವರ ಕೈ ನಿಲ್ಲುವುದೇ ಇಲ್ಲ. ಅದೇ ಊಟದ ಹೊತ್ತಿಗೆ, ಅದೇ ಪ್ರೀತಿಯಿಂದ, ದೊಡ್ಡಮ್ಮ ಹತ್ತು ಜನರ ಎದುರು "ಎಂತ, ಇಷ್ಟು ದಪ್ಪ ಆಗಿದ್ದೀ?" ಅಂತಲೂ ಕೇಳುತ್ತಾರೆ. ಹೆಚ್ಚಿನವರು ನಕ್ಕು ಇನ್ನೊಂದು ಕಡಂಬುಟ್ಟು ಹಾಕಿಸಿಕೊಳ್ಳುತ್ತಾರೆ. ಆದರೆ ‘ನಾನು ಸಾಲಲ್ಲ’ ಅಂತ ಒಳಗೆ ಆಗಲೇ ನಂಬಿಕೊಂಡಿರುವ ಹುಡುಗಿ ಮನೆಗೆ ಹೋಗಿ ರಾತ್ರಿಯಿಡೀ ಆ ಒಂದು ವಾಕ್ಯವನ್ನೇ ತಿರುವಿ ಹಾಕುತ್ತಾಳೆ. ಬಡಿಸಿದ ಪ್ರೀತಿ ಅವಳಿಗೆ ನೆನಪೇ ಇರುವುದಿಲ್ಲ.

ಹುಡುಗರದ್ದು ಇನ್ನೊಂದು ಕಥೆ. ಇಲ್ಲಿ ಹಾಕಿ ಇದೆ, ಸೇನೆಗೆ ಸೇರುವ ಆಸೆ ಇದೆ. 1997ರಿಂದ ಕುಟುಂಬ ಕುಟುಂಬಗಳ ನಡುವೆಯೇ ಹಾಕಿ ಹಬ್ಬ ನಡೆಯುವ ಜಿಲ್ಲೆ ಇದು. ಹಾಗಾಗಿ ಬೆಳಗಿನ ಜಾವ ಮಂಜಿನಲ್ಲಿ ಓಡುವ ಹುಡುಗನನ್ನು ಎಲ್ಲರೂ ಮೆಚ್ಚುತ್ತಾರೆ. ಮೆಚ್ಚಬೇಕಾದದ್ದೇ. ಆದರೆ ಓಡಿ ಬಂದವನು ತಿಂಡಿ ತಿನ್ನುತ್ತಿಲ್ಲ, ಜ್ವರ ಬಂದ ದಿನವೂ ಓಡುತ್ತಾನೆ, ಒಂದು ದಿನ ತಪ್ಪಿದರೆ ಸಿಡಿಮಿಡಿ ಅನ್ನುತ್ತಾನೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ಇದು ಹುಡುಗಿಯರ ಕಾಯಿಲೆ ಅಂದುಕೊಂಡ ಕಾರಣಕ್ಕೇ ಎಷ್ಟೋ ಹುಡುಗರು ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ.

ತೂಕ ನೋಡಿ ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಅನೊರೆಕ್ಸಿಯಾದಲ್ಲಿ ತಿನ್ನುವುದನ್ನು ಕಡಿಮೆ ಮಾಡುತ್ತಾ ತೂಕ ಇಳಿಯುತ್ತದೆ, ಇಳಿದಷ್ಟೂ ಭಯ ಜಾಸ್ತಿಯಾಗುತ್ತದೆ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ಸಿಕ್ಕಾಪಟ್ಟೆ ತಿನ್ನುವುದು, ಆಮೇಲೆ ವಾಂತಿ, ಉಪವಾಸ ಅಥವಾ ಮಿತಿಮೀರಿದ ವ್ಯಾಯಾಮದಿಂದ ಅದನ್ನು ‘ಸರಿ’ ಮಾಡಲು ನೋಡುವುದು. ತೂಕ ಮಾಮೂಲಿಯಾಗಿಯೇ ಇರಬಹುದು. ಬಿಂಜ್ ಈಟಿಂಗ್‌ನಲ್ಲೂ ಹಿಡಿತ ತಪ್ಪಿ ತಿನ್ನುವುದು ಇರುತ್ತದೆ, ಆದರೆ ಈ ‘ಸರಿ ಮಾಡುವ’ ಭಾಗ ಇರುವುದಿಲ್ಲ, ನಾಚಿಕೆ ಮಾತ್ರ ಇರುತ್ತದೆ. ತುಂಬಾ ಜನ ಇದನ್ನು ಕಾಯಿಲೆ ಅಂತಲೇ ಒಪ್ಪಲ್ಲ, ಬಾಯಿಚಪಲ ಅನ್ನುತ್ತಾರೆ. ತಪ್ಪು. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಬೇರೆಯದೇ ಕಾಯಿಲೆಯಾಗಿ ದಾಖಲಾಗಿದೆ.

ಅನುಮಾನ ಇದ್ದರೆ ಐದು ಪ್ರಶ್ನೆ ಕೇಳಿಕೊಳ್ಳಿ. 1999ರಲ್ಲಿ ಲಂಡನ್ನಿನ ವೈದ್ಯರು ಮಾಡಿದ ಸ್ಕಾಫ್ ಅನ್ನುವ ಚಿಕ್ಕ ಪರೀಕ್ಷೆ ಇದು. ಹೊಟ್ಟೆ ತುಂಬಿ ಹಿಂಸೆಯಾಯಿತು ಅಂತ ಬೇಕಂತಲೇ ವಾಂತಿ ಮಾಡುತ್ತೀರಾ? ಎಷ್ಟು ತಿನ್ನುತ್ತೀರಿ ಅನ್ನುವುದರ ಮೇಲೆ ಹಿಡಿತ ತಪ್ಪಿದೆ ಅನ್ನುವ ಚಿಂತೆ ಇದೆಯಾ? ಮೂರು ತಿಂಗಳಲ್ಲಿ ಆರು ಕೆಜಿಗಿಂತ ಜಾಸ್ತಿ ಇಳಿದಿದ್ದೀರಾ? ಬೇರೆಯವರು ಸಣ್ಣ ಅಂದರೂ ನಿಮಗೆ ನೀವು ದಪ್ಪ ಅನಿಸುತ್ತದಾ? ಊಟದ ಯೋಚನೆಯೇ ನಿಮ್ಮ ದಿನವನ್ನು ಆಳುತ್ತಿದೆಯಾ? ಎರಡಕ್ಕೆ ಹೌದು ಅಂದರೂ ಡಾಕ್ಟರನ್ನು ನೋಡಬೇಕು. ಇದು ರೋಗ ಇದೆ ಅಂತ ತೀರ್ಪು ಕೊಡುವುದಿಲ್ಲ, ಪರೀಕ್ಷೆ ಮಾಡಿಸಿ ಅಂತ ಮಾತ್ರ ಹೇಳುತ್ತದೆ.

ಒಳಗಿನ ನಂಬಿಕೆ ಮಾಡುವ ಕೆಲಸ

ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆ ಇರುವವರ ಜೊತೆ ಕೆಲಸ ಮಾಡುತ್ತಾ ಒಂದು ವಿಷಯ ಗಮನಿಸಿದರು. ತಟ್ಟನೆ ಬಂದು ಹೋಗುವ ಯೋಚನೆಗಳ ಕೆಳಗೆ ನಿಯಮಗಳಿರುತ್ತವೆ, ನಿಯಮಗಳ ಕೆಳಗೆ ತನ್ನ ಬಗ್ಗೆಯೇ ಒಂದು ಗಟ್ಟಿ ನಂಬಿಕೆ ಇರುತ್ತದೆ. ಊಟದ ವಿಷಯಕ್ಕೆ ತಂದರೆ ಹೀಗೆ. ಮೇಲಿನ ಯೋಚನೆ: "ಈ ನೂಪುಟ್ಟು ತಿನ್ನಬಾರದು." ಅದರ ಕೆಳಗಿನ ನಿಯಮ: "ತೆಳ್ಳಗಿದ್ದರೆ ಮಾತ್ರ ನನಗೆ ಮರ್ಯಾದೆ." ತಳದಲ್ಲಿ: "ಇದ್ದ ಹಾಗೇ ಇದ್ದರೆ ನಾನು ಯಾರಿಗೂ ಬೇಡ."

ಈ ತಳದ ನಂಬಿಕೆ ಕಾಫಿ ಬೀಜ ಗ್ರೇಡ್ ಮಾಡುವ ಜರಡಿ ಇದ್ದ ಹಾಗೆ. ತನ್ನ ಕಣ್ಣಿನ ಅಳತೆಗೆ ಹಿಡಿಸಿದ್ದನ್ನು ಮಾತ್ರ ಒಳಗೆ ಬಿಡುತ್ತದೆ. ದೊಡ್ಡಮ್ಮನ ಮಾತು ಸಲೀಸಾಗಿ ಒಳಗೆ ಬೀಳುತ್ತದೆ. ಟೀಚರ್ ಹೊಗಳಿದ್ದು, ಸ್ನೇಹಿತೆ ಹುಡುಕಿಕೊಂಡು ಬಂದದ್ದು ಎಲ್ಲಾ ಮೇಲೆಯೇ ಉಳಿಯುತ್ತದೆ. "ಸುಮ್ನೆ ಹೇಳಿದ್ದು", "ಅವಳಿಗೆ ಬೇರೆ ಯಾರೂ ಸಿಗಲಿಲ್ಲ, ಅದಕ್ಕೆ ಬಂದಳು". ಹೀಗೆ ವರ್ಷಗಟ್ಟಲೆ ಒಂದೇ ಬಗೆಯ ಸಾಕ್ಷಿ ಸೇರುತ್ತಾ ಹೋದರೆ ಆ ನಂಬಿಕೆ ನಿಜವೇ ಅಂತ ಅನಿಸದೆ ಇನ್ನೇನಾಗುತ್ತದೆ?

ಸರಿ, ಇಂಥ ನಂಬಿಕೆ ಇರುವವರೆಲ್ಲಾ ಊಟ ಬಿಡುವುದಿಲ್ಲವಲ್ಲ? ನಿಜ, ಬಿಡುವುದಿಲ್ಲ. ಕೆಲವರಿಗೆ ಖಿನ್ನತೆ ಬರುತ್ತದೆ, ಕೆಲವರು ಕುಡಿತಕ್ಕೆ ಬೀಳುತ್ತಾರೆ, ಕೆಲವರು ಹಗಲು ರಾತ್ರಿ ದುಡಿಯುತ್ತಾರೆ. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್ ಮತ್ತು ಜೊತೆಗಾರರು 2003ರಲ್ಲಿ ಬರೆದ ವಿವರಣೆ ನನಗೆ ಸರಿ ಅನಿಸುತ್ತದೆ. ಈಟಿಂಗ್ ಡಿಸಾರ್ಡರ್ ಇರುವವರು ತಮ್ಮ ಬೆಲೆಯನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ತೂಕ, ಮೈಕಟ್ಟು, ತಿನ್ನುವುದರ ಮೇಲಿನ ಹಿಡಿತ ಇಷ್ಟರಿಂದಲೇ ಅಳೆಯುತ್ತಾರೆ. ಕೆಲವರಲ್ಲಿ ಇದರ ಜೊತೆಗೆ ಕಾಯಿಲೆಯನ್ನು ಕದಲದ ಹಾಗೆ ಹಿಡಿದಿಡುವ ಇನ್ನೂ ನಾಲ್ಕು ಇರುತ್ತವೆ: ಬೇರುಬಿಟ್ಟ ಕೀಳರಿಮೆ, ಎಲ್ಲದರಲ್ಲೂ ಪರಿಪೂರ್ಣತೆಯ ಹಟ, ಕೆಟ್ಟ ಭಾವನೆಯನ್ನು ತಡೆದುಕೊಳ್ಳಲಾಗದ ಸ್ಥಿತಿ, ಜನರ ಜೊತೆಗಿನ ತೊಡಕು. ತೂಕದ ಮುಳ್ಳು ಇಳಿದ ದಿನ ‘ನಾನು ಸಾಲಲ್ಲ’ ಒಂದು ಗಳಿಗೆ ಸುಮ್ಮನಾಗುತ್ತದೆ. ಆ ಒಂದು ಗಳಿಗೆಗಾಗಿ ಮರುದಿನ ಇನ್ನೂ ಕಡಿಮೆ ತಿನ್ನಬೇಕಾಗುತ್ತದೆ. ಬಿಂಜ್ ಮಾಡುವವರಲ್ಲಿ ಹಲವರಿಗೆ ಊಟ ಬೇರೆ ಕೆಲಸ ಮಾಡುತ್ತದೆ, ತಿನ್ನುವಷ್ಟು ಹೊತ್ತು ಒಳಗಿನ ನೋವು ಮರಗಟ್ಟಿರುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಂಬಿಕೆಯೊಂದೇ ಕಾರಣ ಅಲ್ಲ. ವಂಶವಾಹಿಯ ಪಾಲು ಇದೆ, ಸ್ವಭಾವದ ಪಾಲು ಇದೆ, ಡಯಟ್ ಮಾಡಿದ್ದರ ಪಾಲೂ ಇದೆ. ಮಗುವಿಗೆ ಹೀಗಾಗಿದ್ದು ನಿಮ್ಮಿಂದಲೇ ಅಂತ ತಲೆ ಚಚ್ಚಿಕೊಂಡು ಕೂತರೆ ನಾಳೆ ಬೆಳಿಗ್ಗೆ ಅವರ ಜೊತೆ ತಿಂಡಿಗೆ ಕೂರುವವರು ಯಾರು?

ಮೊದಲನೇ ಹೆಜ್ಜೆ: ದೇಹ ಅಪಾಯದಲ್ಲಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ

ತಲೆ ಸುತ್ತಿ ಬೀಳುವುದು, ಎದೆ ಬಡಿತ ಏರುಪೇರಾಗುವುದು, ಮೈ ಯಾವಾಗಲೂ ತಣ್ಣಗಿರುವುದು, ಮುಟ್ಟು ನಿಲ್ಲುವುದು, ತೂಕ ಬೇಗ ಇಳಿಯುವುದು, ಪದೇ ಪದೇ ವಾಂತಿ. ಇದರಲ್ಲಿ ಯಾವುದಿದ್ದರೂ ಪುಸ್ತಕ ಪೆನ್ನು ಆಮೇಲೆ, ಡಾಕ್ಟರ್ ಮೊದಲು. ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಲಯವೇ ಕೆಡಬಹುದು, ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತಾರೆ. ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ. ತುಂಬಾ ದಿನ ಸರಿಯಾಗಿ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬಾ ತಿನ್ನಿಸುವುದೂ ಅಪಾಯ. ರಕ್ತದಲ್ಲಿನ ಫಾಸ್ಫೇಟ್ ದಿಢೀರನೆ ಕುಸಿಯಬಹುದು. ಅಂಥವರಿಗೆ ಊಟ ಹೆಚ್ಚಿಸುವುದು ಡಾಕ್ಟರ ಕಣ್ಣೆದುರಿನಲ್ಲೇ ಆಗಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ.

ಎರಡನೆಯದು: ಹೊಟ್ಟೆ ಮೊದಲು, ಮನಸ್ಸು ಆಮೇಲೆ

ಇಲ್ಲಿ ಹಲವರು ದಾರಿ ತಪ್ಪುತ್ತಾರೆ. ‘ಬೇರು ಒಳಗಿದೆ, ಬೇರು ಕಿತ್ತರೆ ಊಟ ತಾನೇ ಸರಿಯಾಗುತ್ತದೆ’ ಅಂತ ತಿಂಗಳುಗಟ್ಟಲೆ ಬಾಲ್ಯದ ಕಥೆ ಮಾತಾಡುತ್ತಾರೆ, ಅಷ್ಟರಲ್ಲಿ ದೇಹ ಸೊರಗುತ್ತಾ ಹೋಗುತ್ತದೆ. ಹಸಿದ ಮಿದುಳಿಗೆ ನಂಬಿಕೆ ಬದಲಿಸುವ ಶಕ್ತಿ ಇರುವುದಿಲ್ಲ.

ಇದಕ್ಕೆ ಹಳೆಯ ಪುರಾವೆ ಇದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಗಂಡಸರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದರು. ಅವರೆಲ್ಲಾ ಆರೋಗ್ಯವಂತರು, ಆರಿಸಿ ತೆಗೆದುಕೊಂಡವರು. ಸ್ವಲ್ಪ ಸಮಯದಲ್ಲೇ ಅವರು ಊಟದ ಬಗ್ಗೆ ಮಾತ್ರ ಯೋಚಿಸತೊಡಗಿದರು, ಅಡುಗೆ ಪುಸ್ತಕ ಕೂಡಿಟ್ಟರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು, ಸಿಡುಕಿದರು, ಜನರಿಂದ ದೂರ ಸರಿದರು. ನಿಮ್ಮ ಸ್ವಭಾವವೇ ಹೀಗೆ ಅಂದುಕೊಂಡಿರುವುದರಲ್ಲಿ ಎಷ್ಟೋ ಪಾಲು ಹಸಿವಿನದ್ದೇ ಇರಬಹುದು.

ಹಾಗಾಗಿ ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎಚ್ಚರ ಇರುವಾಗ ಸುಮಾರು ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಬಿಡಬಾರದು. ಹಸಿವಾದಾಗ ತಿನ್ನುತ್ತೇನೆ ಅಂತ ಕಾಯಬೇಡಿ, ಹಸಿವಿನ ಸೂಚನೆಯೇ ಕೆಟ್ಟಿರುತ್ತದೆ, ಗಡಿಯಾರ ನೋಡಿ ತಿನ್ನಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಉಣ್ಣುವುದೇ, ಸಂಜೆ ಒಂದು ಬಾಳೆಹಣ್ಣೋ ಬಿಸ್ಕೆಟ್ಟೋ. ಸ್ಪೆಷಲ್ ಡಯಟ್ ಏನೂ ಬೇಡ. ಕಾಫಿ ಬಗ್ಗೆ ಮಾತ್ರ ಎಚ್ಚರ. ನಮ್ಮ ಕಡೆ ಬೆಲ್ಲದ ಕಾಫಿಯೋ ಹಾಲಿನ ಕಾಫಿಯೋ ದಿನಕ್ಕೆ ನಾಲ್ಕು ಸಲ ಬರುತ್ತದೆ, ಅದು ಊಟದ ಜಾಗ ಹಿಡಿದುಬಿಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಬಿಂಜ್ ಮಾಡುವವರಿಗೂ ಇದೇ ನಿಯಮ. ಹೊತ್ತು ಹೊತ್ತಿಗೆ ತಿಂದರೆ ಬಿಂಜ್ ಕಡಿಮೆಯಾಗುತ್ತಾ ಬರುತ್ತದೆ. ಹಿಂದಿನ ರಾತ್ರಿ ಜಾಸ್ತಿ ತಿಂದೆ ಅಂತ ಬೆಳಗಿನ ತಿಂಡಿ ಬಿಟ್ಟರೆ ಮುಂದಿನ ಬಿಂಜ್ ಅಲ್ಲಿಂದಲೇ ಶುರು.

ಮೂರನೆಯದು: ಬರೆದಿಡಿ, ಆಮೇಲೆ ಕೆಳಗಿಳಿಯಿರಿ

ಸಣ್ಣ ನೋಟ್ ಬುಕ್ ಸಾಕು. ಏನು ತಿಂದೆ, ಎಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು. ಕ್ಯಾಲರಿ ಬರೆಯಬೇಡಿ. ಕ್ಯಾಲರಿ ಲೆಕ್ಕದ ಆಪ್ ಫೋನಿನಲ್ಲಿದ್ದರೆ ಈಗಲೇ ತೆಗೆಯಿರಿ. ಕೆಲವು ದಿನದಲ್ಲಿ ಕೆಟ್ಟ ದಿನಗಳ ಒಂದು ಮಾದರಿ ಕಾಣತೊಡಗುತ್ತದೆ. ಅಂಥ ಒಂದು ಘಟನೆ ಹಿಡಿದುಕೊಂಡು ‘ಹಾಗಾದರೆ ಏನು?’ ಅಂತ ಕೇಳುತ್ತಾ ಕೆಳಗೆ ಹೋಗಬೇಕು. ಗೋಣಿಕೊಪ್ಪದ ಒಬ್ಬ ಕಾಲೇಜು ಹುಡುಗಿ ಅಂದುಕೊಳ್ಳೋಣ, ಅಕ್ಕನ ಮದುವೆ ಹತ್ತಿರ ಬಂದಿದೆ.

"ರವಿಕೆ ಬಿಗಿಯಾಯಿತು."
ಆದರೆ ಏನು?
"ದಪ್ಪ ಆಗಿದ್ದೇನೆ ಅಂತ ಅರ್ಥ."
ಆದರೆ ಏನು?
"ಮದುವೆಯಲ್ಲಿ ಎಲ್ಲರೂ ನೋಡುತ್ತಾರೆ."
ನೋಡಿದರೆ?
"ಅಕ್ಕನ ಪಕ್ಕ ನಿಲ್ಲಿಸಿ ಹೋಲಿಸುತ್ತಾರೆ. ಯಾವಾಗಲೂ ಹಾಗೇ ಮಾಡುವುದು."
ಹೋಲಿಸಿದರೆ ನಿನ್ನ ಬಗ್ಗೆ ಅದು ಏನು ಹೇಳುತ್ತದೆ?
"ಅವಳು ಸರಿಯಾಗಿ ಹುಟ್ಟಿದ್ದು. ನಾನು ಸಾಲಲ್ಲ."

ಕೊನೆಯ ಸಾಲಿನಲ್ಲಿ ತೂಕದ ಮಾತೇ ಇಲ್ಲ, ನೋಡಿದಿರಾ? ಕಣ್ಣಲ್ಲಿ ನೀರು ಬರುವ, ಅಥವಾ ನೋಟ್ ಬುಕ್ ಮುಚ್ಚಿಡಬೇಕು ಅನಿಸುವ ಸಾಲು ಬಂತು ಅಂದರೆ ತಳ ಹತ್ತಿರ ಬಂತು ಅಂತ. ಅಲ್ಲಿ ನಿಲ್ಲಿಸಿ. ಆ ವಾಕ್ಯವನ್ನು ಎಷ್ಟು ನಂಬುತ್ತೀರಿ ಅಂತ 0ಯಿಂದ 100ರ ಒಳಗೆ ಒಂದು ಅಂಕಿ ಬರೆದು ಎದ್ದು ಹೋಗಿ, ಯಾರ ಜೊತೆಗಾದರೂ ಮಾತಾಡಿ. ಹಿಂಸೆ, ಲೈಂಗಿಕ ದೌರ್ಜನ್ಯ ಅಥವಾ 2018ರ ಭೂಕುಸಿತದಂಥ ದೊಡ್ಡ ಪೆಟ್ಟಿನ ನೆನಪು ಎದುರಾದರೆ ಒಬ್ಬರೇ ಮುಂದುವರಿಯಬೇಡಿ, ಆ ಕೆಲಸ ಚಿಕಿತ್ಸಕರ ಜೊತೆ ಮಾಡುವಂಥದ್ದು.

ನಾಲ್ಕನೆಯದು: ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿ

ಕನ್ನಡಿ ಮುಂದೆ ನಿಂತು "ನಾನು ಸುಂದರ, ನಾನು ಸಮರ್ಥ" ಅಂತ ಹೇಳಿಕೊಳ್ಳಿ ಅನ್ನುವ ರೀಲ್ಸ್ ಬೇಕಾದಷ್ಟಿವೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. 2009ರಲ್ಲಿ ಕೆನಡಾದ ಸಂಶೋಧಕರು ಇದನ್ನೇ ಪರೀಕ್ಷಿಸಿದಾಗ, ತಮ್ಮ ಬಗ್ಗೆ ಕೀಳರಿಮೆ ಇರುವವರಿಗೆ ಇಂಥ ಮಾತು ಹೇಳಿಕೊಂಡ ಮೇಲೆ ಇನ್ನೂ ಕೆಟ್ಟದೆನಿಸಿತ್ತು. ಒಳಗಿನ ಮಾತು ತಕ್ಷಣ "ಸುಳ್ಳು" ಅಂತ ತಿರುಗಿ ಬೀಳುತ್ತದೆ, ಅಲ್ವಾ?

ಅದರ ಬದಲು ಸಾಕ್ಷಿ ಕೂಡಿಸಿ. ದಿನಕ್ಕೆ ಒಂದು ಸಾಲು: ‘ನಾನು ಸಾಲಲ್ಲ’ ಅನ್ನುವುದಕ್ಕೆ ಹೊಂದದ ಒಂದು ಚಿಕ್ಕ ಸಂಗತಿ. ‘ಜೋರು ಮಳೆಯಲ್ಲೂ ಅವಳು ನನಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾದಳು.’ ‘ಕುಯ್ಲಿನ ಲೆಕ್ಕದಲ್ಲಿ ತಪ್ಪು ಹುಡುಕಿಕೊಟ್ಟೆ, ಅಪ್ಪ ಸರಿಮಾಡಿದರು.’ ಬರೆಯುವಾಗ "ಇದೆಲ್ಲಾ ಲೆಕ್ಕಕ್ಕಿಲ್ಲ" ಅನಿಸುತ್ತದೆ. ಅನಿಸಲಿ, ಬರೆಯಿರಿ. ನಂಬಿಕೆ ಮೇಲೆಯೇ ತಡೆದು ಬಿಸಾಡುತ್ತಿದ್ದದ್ದು ಇಂಥ ಸಂಗತಿಗಳನ್ನೇ. ವಾರಕ್ಕೊಮ್ಮೆ ಆ ಅಂಕಿಯನ್ನು ಮತ್ತೆ ಬರೆಯಿರಿ. 95 ಇದ್ದದ್ದು 80ಕ್ಕೆ ಬಂದರೂ ಕಡಿಮೆ ಸಾಧನೆ ಅಲ್ಲ. ತಿಂಗಳುಗಳು ಬೇಕಾಗುತ್ತವೆ.

ಇನ್ನೊಂದು ಮಾಡಿ. ಒಂದು ಗೆರೆ ಎಳೆದು ಒಂದು ತುದಿಗೆ ‘ಯಾವುದಕ್ಕೂ ಸಾಲದ ಮನುಷ್ಯ’, ಇನ್ನೊಂದು ತುದಿಗೆ ‘ಪೂರ್ತಿ ಯೋಗ್ಯ ಮನುಷ್ಯ’ ಅಂತ ಬರೆಯಿರಿ. ಅದರ ಮೇಲೆ ಅಜ್ಜಿಯನ್ನು, ತೋಟದ ಲೆಕ್ಕ ಬರೆಯುವ ರೈಟರನ್ನು, ಹಾಕಿ ಕೋಚನ್ನು, ನಿಮಗೆ ಇಷ್ಟವಿಲ್ಲದ ಒಬ್ಬರನ್ನೂ ಇಡಿ. ಈಗ ಯಾವ ಅಳತೆಗೋಲು ಬಳಸಿದಿರಿ ಅಂತ ನೋಡಿ. ಅಜ್ಜಿಯನ್ನು ಅಳೆಯುವಾಗ ಸೊಂಟದ ಸುತ್ತಳತೆ ನೆನಪಿಗೆ ಬಂತಾ? ಬರುವುದೇ ಇಲ್ಲ. ನಿಮಗೆ ಮಾತ್ರ ಬೇರೆ ಕೋಲು. ಈಗ ಅಜ್ಜಿಗೆ ಬಳಸಿದ ಕೋಲಿನಿಂದಲೇ ನಿಮ್ಮನ್ನು ಅಳೆದು ಗೆರೆಯ ಮೇಲೆ ಇಡಿ.

ಆಮೇಲೆ ಹೊರಗಿನ ಪ್ರಯೋಗ. ‘ಪುತ್ತರಿ ದಿನ ತಂಬುಟ್ಟು ತಿಂದರೆ ಎಲ್ಲರೂ ನನ್ನ ತಟ್ಟೆಯನ್ನೇ ನೋಡುತ್ತಾರೆ’ ಅಂತ ಮೊದಲೇ ಬರೆದಿಡಿ. ತಿನ್ನಿ. ಎಷ್ಟು ಜನ ನಿಜವಾಗಿ ನೋಡಿದರು ಅಂತ ಬಂದು ಬರೆಯಿರಿ. ಹಬ್ಬದ ಮನೆಯಲ್ಲಿ ಜನರಿಗೆ ಅವರದ್ದೇ ತಟ್ಟೆಯ ಚಿಂತೆ. ಕನ್ನಡಿ ನೋಡುವುದು, ಮಣಿಕಟ್ಟು ಸುತ್ತಿ ಅಳೆಯುವುದು, ದಿನಾ ತೂಕ ನೋಡುವುದು ಇವುಗಳನ್ನೂ ಒಂದೊಂದಾಗಿ ಕಡಿಮೆ ಮಾಡಿ ಭಯ ಏರುತ್ತದಾ ಇಳಿಯುತ್ತದಾ ಗಮನಿಸಿ. ಮೊದಲ ಕೆಲವು ದಿನ ಏರುತ್ತದೆ. ಅದಕ್ಕೆ ಹೆದರಿ ಬಿಡಬೇಡಿ. ತೂಕ ನೋಡಲೇಬೇಕಿದ್ದರೆ ವಾರಕ್ಕೊಮ್ಮೆ, ಚಿಕಿತ್ಸಕರ ಎದುರು.

ಬಿಟ್ಟುಹೋದ ಬೇರೆ ವಿಷಯಗಳನ್ನೂ ಮತ್ತೆ ಹಿಡಿಯಿರಿ. ಚಿತ್ರ ಬರೆಯುತ್ತಿದ್ದಿರಾ, ತೋಟದಲ್ಲಿ ಕೆಲಸ ಇಷ್ಟವಿತ್ತಾ, ಹಾಡುತ್ತಿದ್ದಿರಾ? ತೂಕ ಒಂದೇ ನಿಮ್ಮ ಬೆಲೆ ಹೇಳುವ ಸ್ಥಿತಿಯಿಂದ ಹೊರಗೆ ಬರಲು ಬೆಲೆ ಹೇಳುವ ಬೇರೆ ಸಂಗತಿಗಳು ಬೇಕು.

ಮನೆಯವರಿಗೆ

ಮೈ ಬಗ್ಗೆ ಮಾತು ಬೇಡ, ಒಳ್ಳೆಯ ಮಾತೂ ಬೇಡ. "ಈಗ ಚೆನ್ನಾಗಿ ಮೈ ತುಂಬಿದೆ" ಅನ್ನುವುದು ಅವರಿಗೆ "ದಪ್ಪ ಆದೆ" ಅಂತಲೇ ಕೇಳುತ್ತದೆ. ನೆಂಟರಿಗೂ ಮೊದಲೇ ಫೋನ್ ಮಾಡಿ ಹೇಳಿಬಿಡಿ, ಕಾರಣ ಹೇಳಲೇಬೇಕು ಅಂತೇನೂ ಇಲ್ಲ, "ಅವಳ ಊಟದ ಬಗ್ಗೆ, ಮೈ ಬಗ್ಗೆ ಏನೂ ಕೇಳಬೇಡಿ ದೊಡ್ಡಮ್ಮ" ಅಂದರೆ ಸಾಕು. ತಟ್ಟೆ ಎದುರು ನಂಬಿಕೆಯ ಚರ್ಚೆ ಬೇಡ. ಊಟದ ಹೊತ್ತಿಗೆ ಊಟ, ಜೊತೆಗೆ ಬೇರೆ ಯಾವುದಾದರೂ ಮಾತು. ಆನೆ ಯಾವ ತೋಟಕ್ಕೆ ನುಗ್ಗಿತು ಅನ್ನುವ ಸುದ್ದಿಯಾದರೂ ಆಗಬಹುದು.

ಅನೊರೆಕ್ಸಿಯಾ ಇರುವ ಹದಿಹರೆಯದ ಮಕ್ಕಳಾದರೆ ಲೆಕ್ಕ ಬೇರೆ. ಅಲ್ಲಿ ‘ಅವಳಿಗೆ ಮನಸ್ಸು ಬಂದಾಗ ತಿನ್ನಲಿ’ ಅಂತ ಬಿಡಬಾರದು. ಲಂಡನ್ನಿನ ಮೌಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕುಟುಂಬ ಚಿಕಿತ್ಸೆಯಲ್ಲಿ ಮೊದಲ ಹಂತದಲ್ಲಿ ಊಟದ ಜವಾಬ್ದಾರಿ ಪೂರ್ತಿ ಅಪ್ಪ ಅಮ್ಮನದ್ದು. ನಂಬಿಕೆಯ ಕೆಲಸ ತೂಕ ಸ್ವಲ್ಪ ಸರಿಯಾದ ಮೇಲೆ. ಊಟ ಮಾಡಿಸುವುದು ಗಟ್ಟಿ ಮನಸ್ಸಿನಿಂದ, ಆದರೆ ಬೈಯದೆ. ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಹಾಸ್ಟೆಲಿನಲ್ಲಿ ಓದುತ್ತಿದ್ದರೆ ಸ್ವಲ್ಪ ಕಾಲ ಮನೆಗೆ ಕರೆದುಕೊಂಡು ಬರುವ ಮಾತು ಡಾಕ್ಟರ ಜೊತೆ ಆಡಿ.

ಎಲ್ಲಿ ಹೋಗುವುದು

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ, ಮನೋವೈದ್ಯರನ್ನು ಅಲ್ಲಿ ನೋಡಬಹುದು. ‘ನಮ್ಮ ಊರಿನವರು ಯಾರಾದರೂ ಕಂಡರೆ?’ ಅನ್ನುವ ಭಯ ಸಣ್ಣ ಜಿಲ್ಲೆಯಲ್ಲಿ ಇದ್ದದ್ದೇ. ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಆದರೂ ಮನಸ್ಸು ಒಪ್ಪದಿದ್ದರೆ ಮೈಸೂರಿಗೋ ಮಂಗಳೂರಿಗೋ ಹೋಗಿ, ಅದರಲ್ಲೇನೂ ತಪ್ಪಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮೊದಲು ಬರೀ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್‌ಗೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುವ ಕಡೆ ಇರುವವರು ಸಿಗ್ನಲ್ ಇರುವಾಗಲೇ ಮಾಡಿಬಿಡಿ.

ಡಾಕ್ಟರ ಎದುರು ಕೂತಾಗ ನಾಚಿಕೆಯಿಂದ "ಗ್ಯಾಸ್ಟ್ರಿಕ್" ಅಂತ ಹೇಳಿ ಮಾತ್ರೆ ಬರೆಸಿಕೊಂಡು ಬರಬೇಡಿ. ನೋಟ್ ಬುಕ್ ತೆಗೆದುಕೊಂಡು ಹೋಗಿ, ಬಾಯಲ್ಲಿ ಬಾರದಿದ್ದರೆ ಅದನ್ನೇ ಮುಂದೆ ಇಡಿ. ವಾಂತಿ, ಭೇದಿ ಮಾತ್ರೆ, ಮುಟ್ಟು, ಎದೆ ಬಡಿತ, ಎಷ್ಟು ದಿನದಿಂದ, ಎಲ್ಲಾ ಹೇಳಿ. ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಗೊತ್ತಿರುವ ಸೈಕಾಲಜಿಸ್ಟ್ ಇದ್ದಾರಾ ಅಂತ ಕೇಳಿ. ಈಟಿಂಗ್ ಡಿಸಾರ್ಡರ್‌ಗೆಂದೇ ಫೇರ್‌ಬರ್ನ್ ರೂಪಿಸಿದ ಸಿಬಿಟಿಯಲ್ಲಿ ತೂಕ ತೀರಾ ಕಡಿಮೆ ಇಲ್ಲದವರಿಗೆ ಸಾಮಾನ್ಯವಾಗಿ 20 ಭೇಟಿ, ತೂಕ ತುಂಬಾ ಇಳಿದವರಿಗೆ 40ರವರೆಗೂ ಬೇಕಾಗುತ್ತದೆ. ಮೊದಲ ಒಂದೆರಡು ಭೇಟಿಯಲ್ಲಿ ಬಾಲ್ಯದ ಬಗ್ಗೆ ಮಾತ್ರ ಮಾತಾಡಿ ಊಟದ ಬಗ್ಗೆ ಏನೂ ಕೇಳದಿದ್ದರೆ "ಊಟದ ಪ್ಲಾನ್ ಯಾವಾಗ ಶುರು ಮಾಡೋಣ?" ಅಂತ ನೀವೇ ಕೇಳಿ.